ಮನೆಯ ರಟ್ಟಿನ ಡಬ್ಬಗಳಿಂದ ಎಚ್‌ಟಿ-2 ವಿಮಾನದ ಮಾದರಿ

ಕಾಗದದ ವಿಮಾನ ಮಾದರಿ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ವಿಮಾನವನ್ನು ಆರಿಸಿಕೊಂಡು, ಆಮೇಲೆ ಕಾಗದ ತರಲು ಅಂಗಡಿಗೆ ಹೋಗುತ್ತಾರೆ. ಮನೆಗೆ ಬಂದು ಬೀಳುವ ಡಬ್ಬ, ಪೊಟ್ಟಣಗಳಿಂದಲೇ ಮಾಡುವುದಾದರೆ ಈ ಕ್ರಮ ತಲೆಕೆಳಗಾಗಬೇಕು. ಕೈಯಲ್ಲಿರುವ ರಟ್ಟು ಎಷ್ಟು ದಪ್ಪವಿದೆ, ಯಾವ ಕಡೆಗೆ ಸಲೀಸಾಗಿ ಬಾಗುತ್ತದೆ, ಅಂಟನ್ನು ಹಿಡಿಯುತ್ತದೆಯೇ ಎಂಬುದನ್ನು ಮೊದಲು ನೋಡಿ, ಅದಕ್ಕೆ ಒಗ್ಗುವ ವಿಮಾನವನ್ನೂ ಅದರ ಯಾವ ಭಾಗಕ್ಕೆ ಯಾವ ಡಬ್ಬ ಎಂಬುದನ್ನೂ ಆಮೇಲೆ ನಿಶ್ಚಯಿಸಬೇಕು. ಮಾದರಿ ಕೈಕೊಡುವುದು ಹೆಚ್ಚಾಗಿ ಕತ್ತರಿಸುವಾಗ ಅಲ್ಲ, ಈ ಆಯ್ಕೆಯಲ್ಲಿಯೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು, 1951ರಲ್ಲಿ ಮೊದಲ ಸಲ ಹಾರಿದ ಎಚ್‌ಟಿ-2 ತರಬೇತಿ ವಿಮಾನ. ಭಾರತದಲ್ಲಿಯೇ ವಿನ್ಯಾಸಗೊಂಡು ತಯಾರಿಕೆಯ ಹಂತ ತಲುಪಿದ ಮೊದಲ ವಿಮಾನವೆಂಬ ಹಿರಿಮೆ ಅದಕ್ಕಿದ್ದರೂ, ಅದನ್ನು ಆರಿಸಿದ್ದಕ್ಕೆ ನಿಜವಾದ ಕಾರಣ ಅದರ ಆಕಾರ. ಒಡಲಿನ ತಳಕ್ಕೆ ಸೇರಿದ ನೇರ ಅಂಚಿನ ರೆಕ್ಕೆಗಳು, ಇಬ್ಬರು ಒಬ್ಬರ ಹಿಂದೊಬ್ಬರು ಕೂರುವ ಕಿರಿದಾದ ಒಡಲು, ಮಡಚಿಕೊಳ್ಳದ ಚಕ್ರಗಳು, ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿ ಕೆಳಮುಖವಾಗಿ ಕೂತಿರುವ ಸಿರಸ್ ಮೇಜರ್ ಎಂಜಿನ್ನಿನಿಂದಾಗಿ ಸಪೂರವಾದ ಮೂತಿ, ಇವೆಲ್ಲವೂ ರಟ್ಟಿಗೆ ಹೇಳಿ ಮಾಡಿಸಿದ ರೂಪಗಳು. ರಟ್ಟು ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಎರಡೂ ದಿಕ್ಕಿಗೆ ಉಬ್ಬುವ ಮೈಯನ್ನು ಅದರಲ್ಲಿ ತೆಗೆಯಬೇಕೆಂದರೆ ಸಣ್ಣ ಸಣ್ಣ ಪಟ್ಟಿಗಳನ್ನು ಜೋಡಿಸದೆ ಬೇರೆ ದಾರಿಯಿಲ್ಲ. ಅದೇ ಕಾರ್ಖಾನೆಯ ಮರುತ್ ಜೆಟ್ ಯುದ್ಧವಿಮಾನ ಎಷ್ಟೇ ಮನಸೆಳೆದರೂ, ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಪಕ್ಕದ ಗಾಳಿಬಾಯಿಗಳು ಒಡಲಿನೊಂದಿಗೆ ಬೆರೆಯುವ ಜಾಗದ ತೊಡಕನ್ನು ನೆನೆದು ಅದನ್ನು ಎರಡನೆಯ ಅಥವಾ ಮೂರನೆಯ ಮಾದರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನಕ್ಷೆ ಮತ್ತು ಅಳತೆ

ಎಚ್‌ಟಿ-2ರ ರೆಕ್ಕೆಯ ಹರವು 10.72 ಮೀಟರ್, ಉದ್ದ 7.53 ಮೀಟರ್. ಕಾಗದದ ವಿಮಾನಗಳಿಗೆ ಪೋಲೆಂಡಿನ ಮಾದರಿಗಾರರು ರೂಢಿಗೆ ತಂದ 1:33 ಪ್ರಮಾಣವನ್ನು ಹಿಡಿದರೆ, ಮಾದರಿಯ ಹರವು 325 ಮಿ.ಮೀ., ಉದ್ದ 228 ಮಿ.ಮೀ. ಆಗುತ್ತದೆ. ಡಬ್ಬದ ರಟ್ಟಿಗೆ ಈ ಪ್ರಮಾಣವೇ ಸರಿ. ಪ್ಲಾಸ್ಟಿಕ್ ಮಾದರಿಗಳಲ್ಲಿ ಬಳಕೆಯಾಗುವ 1:72ಕ್ಕೆ ಇಳಿದರೆ ರಟ್ಟಿನ ದಪ್ಪವೇ ಕಣ್ಣಿಗೆ ಹೊಡೆಯುತ್ತದೆ.

ಮೇಲಿನಿಂದ, ಪಕ್ಕದಿಂದ ಮತ್ತು ಮುಂದಿನಿಂದ ಕಾಣುವ ಮೂರು ನೋಟಗಳ ನಕ್ಷೆಯೊಂದನ್ನು ಸಂಪಾದಿಸಿ, ಜೆರಾಕ್ಸ್ ಅಂಗಡಿಯಲ್ಲಿ ಹಿಗ್ಗಿಸಿಕೊಳ್ಳಬೇಕು. ಕೈಗೆ ಸಿಕ್ಕ ನಕ್ಷೆಯಲ್ಲಿ ಹರವು 130 ಮಿ.ಮೀ. ಇದೆಯೆಂದುಕೊಳ್ಳಿ. 325ನ್ನು 130ರಿಂದ ಭಾಗಿಸಿದರೆ 2.5 ಬರುತ್ತದೆ, ಅಂದರೆ ಶೇ. 250ಕ್ಕೆ ಹಿಗ್ಗಬೇಕು. ಅನೇಕ ಯಂತ್ರಗಳು ಒಂದೇ ಸಲಕ್ಕೆ ಶೇ. 200ರ ಆಚೆಗೆ ಹೋಗುವುದಿಲ್ಲವಾದ್ದರಿಂದ, ಮೊದಲು 200ಕ್ಕೆ ಹಿಗ್ಗಿಸಿ, ಆ ಪ್ರತಿಯನ್ನು ಮತ್ತೆ 125ಕ್ಕೆ ಹಿಗ್ಗಿಸಿದರೆ ಲೆಕ್ಕ ಸರಿಹೋಗುತ್ತದೆ. ಎ4 ಹಾಳೆಯ ಉದ್ದ 297 ಮಿ.ಮೀ. ಮಾತ್ರವಾದ್ದರಿಂದ ಇಡೀ ರೆಕ್ಕೆ ಅದರಲ್ಲಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಒಂದು ಬದಿಯ ರೆಕ್ಕೆ ಸಿಕ್ಕರೆ ಇನ್ನೊಂದು ಅದರ ಪ್ರತಿಬಿಂಬವಷ್ಟೆ. ಪ್ರತಿ ತೆಗೆಸಿದ ಮೇಲೆ ಸ್ಟೀಲ್ ಸ್ಕೇಲಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಬೇಕು, ಏಕೆಂದರೆ ಕೆಲವು ಯಂತ್ರಗಳು ಒಂದು ದಿಕ್ಕಿಗೆ ತುಸು ಹೆಚ್ಚೇ ಎಳೆಯುತ್ತವೆ. ಬೆಂಗಳೂರಿನಲ್ಲಿರುವವರು ಎಚ್‌ಎಎಲ್‌ನ ವಿಮಾನ ವಸ್ತುಸಂಗ್ರಹಾಲಯಕ್ಕೆ ಹೋಗಿ ನಿಜವಾದ ಎಚ್‌ಟಿ-2ನ್ನು ಸುತ್ತ ನಡೆದು ನೋಡಿ ಬರುವುದು ಯಾವ ನಕ್ಷೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಡಲಿನ ಅಡ್ಡಕೊಯ್ತ ಎಲ್ಲಿ ದುಂಡಗಿದೆ, ಎಲ್ಲಿ ಪಕ್ಕಗಳು ಚಪ್ಪಟೆಯಾಗಿವೆ ಎಂಬುದು ಮೂರು ನೋಟಗಳ ನಕ್ಷೆಯಲ್ಲಿ ತಿಳಿಯುವುದಿಲ್ಲ.

ಯಾವ ಡಬ್ಬ ಯಾವುದಕ್ಕೆ

ಕಾರ್ನ್‌ಫ್ಲೇಕ್ಸ್, ಚಹಾಪುಡಿ, ಟೂತ್‌ಪೇಸ್ಟ್ ಮತ್ತು ಸಾಬೂನಿನ ಡಬ್ಬಗಳ ರಟ್ಟು ಸಾಮಾನ್ಯವಾಗಿ ಒಂದೇ ಜಾತಿಯದು. ಹೊರಮೈ ಬಿಳಿಯ ಲೇಪವಿದ್ದು ಅಚ್ಚಾಗಿರುತ್ತದೆ, ಒಳಮೈ ಮರುಬಳಕೆಯ ಕಾಗದದಿಂದ ಬಂದ ಬೂದುಬಣ್ಣದ್ದು. ದಪ್ಪ ಹೆಚ್ಚುಕಡಿಮೆ 0.4 ಮಿ.ಮೀ. ಇರುವ ಈ ರಟ್ಟೇ ಒಡಲಿನ ಹೊದಿಕೆಗೆ ಮುಖ್ಯ ಸಾಮಗ್ರಿ. ಮಾತ್ರೆಗಳು ಬರುವ ಪುಟ್ಟ ಡಬ್ಬಗಳಲ್ಲಿ ಇದಕ್ಕಿಂತ ತೆಳುವಾದ, ಎರಡೂ ಕಡೆ ಬೆಳ್ಳಗಿರುವ ರಟ್ಟು ಸಿಗುತ್ತದೆ. ಅದನ್ನು ಮೂತಿ ಮತ್ತು ಬಾಲದ ಬಿಗಿಯಾದ ತಿರುವುಗಳಿಗೆ ಎತ್ತಿಡಬೇಕು. ಹೊಸ ಅಂಗಿಯ ಮಡಿಕೆಯೊಳಗೆ ಇಟ್ಟಿರುವ ರಟ್ಟು, ಚಪ್ಪಲಿ ಡಬ್ಬ, ಸಿಹಿತಿಂಡಿಯ ಡಬ್ಬ ಇವು ಒಳಗಿನ ಹಂದರಕ್ಕೆ. ಸಿಹಿತಿಂಡಿಯ ಡಬ್ಬದಲ್ಲಿ ತುಪ್ಪದ ಕಲೆ ಹಿಡಿದ ಭಾಗವನ್ನು ಮುಲಾಜಿಲ್ಲದೆ ಕತ್ತರಿಸಿ ಎಸೆಯಬೇಕು, ಜಿಡ್ಡಿನ ಮೇಲೆ ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಮದುವೆಯ ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಉಳಿಯುವ ಲಗ್ನಪತ್ರಿಕೆಗಳಲ್ಲಿ ನುಣುಪಾದವು ರೆಕ್ಕೆಯ ಹೊದಿಕೆಗೆ ಬಹಳ ಚೆನ್ನಾಗಿ ಒದಗುತ್ತವೆ. ಉಬ್ಬಚ್ಚಿನ ಗಣಪತಿಯಿರುವವು ಬೇಡ.

ಪಾರ್ಸಲ್ ಬರುವ ಸುಕ್ಕುರಟ್ಟು ಮಾದರಿಯೊಳಗೆ ಎಲ್ಲಿಯೂ ಸೇರುವುದಿಲ್ಲ, ಆದರೆ ಅಂಟು ಒಣಗುವವರೆಗೆ ಭಾಗಗಳನ್ನು ಆನಿಸಿಡುವ ಊರೆಗಳಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಿಸ್ಕತ್ತು, ಚಿಪ್ಸ್‌ಗಳ ಬೆಳ್ಳಿಬಣ್ಣದ ಹೊದಿಕೆ ನೋಡಲು ಲೋಹದಂತಿದ್ದರೂ ಅದು ಪ್ಲಾಸ್ಟಿಕ್ ಪದರ, ಬಿಳಿ ಅಂಟು ಅದರಿಂದ ಜಾರಿಬೀಳುತ್ತದೆ. ಹಣ್ಣಿನ ರಸದ ಟೆಟ್ರಾ ಪ್ಯಾಕ್‌ನಲ್ಲಿ ಕಾಗದದ ಎರಡೂ ಬದಿಗೆ ಪಾಲಿಥೀನ್ ಇರುವುದರಿಂದ ಅದರ ಗತಿಯೂ ಅದೇ. ಹಾಲಿನ ಪೊಟ್ಟಣಕ್ಕೂ ಅಂಟು ಹಿಡಿಯುವುದಿಲ್ಲ, ಆದರೆ ಇಲ್ಲಿ ಅದೇ ಗುಣ ಉಪಕಾರಿ: ತೊಳೆದು ಒಣಗಿಸಿ ಬಿಡಿಸಿದ ಹಾಲಿನ ಪೊಟ್ಟಣವನ್ನು ಮೇಜಿನ ಮೇಲೆ ಹಾಸಿಕೊಂಡರೆ, ಅಂಟಿಸಿದ ಭಾಗಗಳು ಎಷ್ಟು ಹೊತ್ತು ಬಿದ್ದಿದ್ದರೂ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ.

ಡಬ್ಬವನ್ನು ಹರಿದು ತೆಗೆಯಬಾರದು. ಅಂಟಿಸಿದ ಪಕ್ಕದ ಸೆರಗನ್ನು ಹುಡುಕಿ, ಮೊಂಡಾದ ಚಾಕುವನ್ನು ಅದರೊಳಗೆ ಮೆಲ್ಲನೆ ನುಗ್ಗಿಸಿ ಬಿಡಿಸಿ, ಚಪ್ಪಟೆಯಾಗಿ ಪುಸ್ತಕಗಳ ಅಡಿಯಲ್ಲಿ ಇಟ್ಟುಬಿಡಬೇಕು. ಹಳೆಯ ಮಡಿಕೆಗಳಿರುವಲ್ಲಿ ರಟ್ಟಿನ ನಾರು ಆಗಲೇ ಮುರಿದಿರುತ್ತದೆ. ಯಾವ ಭಾಗವೂ ಆ ಗೆರೆಯನ್ನು ದಾಟದಂತೆ ಕತ್ತರಿಸಿಕೊಳ್ಳುವುದರಿಂದ ರಟ್ಟು ಸ್ವಲ್ಪ ಹಾಳಾದರೂ ಮುಂದೆ ಒಡಲಿನ ಮೇಲೆ ಸೀಳು ಮೂಡುವುದು ತಪ್ಪುತ್ತದೆ.

ಎಳೆಯ ದಿಕ್ಕು

ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಓಡುವಾಗ ಅದರ ನಾರುಗಳು ಬಹುಮಟ್ಟಿಗೆ ಓಟದ ದಿಕ್ಕಿಗೇ ಮಲಗುತ್ತವೆ. ಆದ್ದರಿಂದ ಪ್ರತಿಯೊಂದು ರಟ್ಟಿಗೂ ಒಂದು ಎಳೆಯ ದಿಕ್ಕಿರುತ್ತದೆ. ಆ ಎಳೆಗೆ ಸಮಾಂತರವಾಗಿ ಸುರುಳಿ ಸುತ್ತಿದರೆ ರಟ್ಟು ಸಲೀಸಾಗಿ ದುಂಡಾಗುತ್ತದೆ, ಅಡ್ಡಲಾಗಿ ಸುತ್ತಿದರೆ ಮೈಮೇಲೆ ಸಣ್ಣ ಸಣ್ಣ ಮುರುಕುಗಳು ಎದ್ದು ಬಹುಭುಜದ ಕೊಳವೆಯಾಗುತ್ತದೆ. ದಿಕ್ಕನ್ನು ಕಂಡುಹಿಡಿಯಲು ರಟ್ಟಿನ ಒಂದು ಚೌಕವನ್ನು ಕತ್ತರಿಸಿ ಎರಡೂ ಕಡೆಗೆ ಮೆಲ್ಲನೆ ಬಾಗಿಸಿ ನೋಡಬೇಕು. ಎದುರೊತ್ತು ಕಡಿಮೆಯಿರುವ ಬಾಗಿನ ಅಕ್ಷವೇ ಎಳೆಯ ದಿಕ್ಕು. ಕೈಗೆ ತಿಳಿಯದಿದ್ದರೆ ಬೂದುಬದಿಯನ್ನು ಒದ್ದೆ ಬೆರಳಿನಿಂದ ಒರೆಸಿ ಬಿಟ್ಟರಾಯಿತು, ನಾರುಗಳು ನೀರು ಕುಡಿದು ಅಗಲಕ್ಕೆ ಉಬ್ಬುವುದರಿಂದ ಚೂರು ತಾನಾಗಿಯೇ ಸುರುಳಿಗೊಂಡು ಎಳೆಯ ದಿಕ್ಕನ್ನು ತೋರಿಸುತ್ತದೆ. ತಿಳಿದ ಕೂಡಲೇ ಪ್ರತಿ ರಟ್ಟಿನ ಮೇಲೂ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಡಿ. ಒಡಲಿನ ಹೊದಿಕೆಯಲ್ಲಿ ಬಾಣ ಮೂತಿಯಿಂದ ಬಾಲದ ಕಡೆಗೂ, ರೆಕ್ಕೆಯ ಹೊದಿಕೆಯಲ್ಲಿ ಬುಡದಿಂದ ತುದಿಯ ಕಡೆಗೂ ಇರಬೇಕು. ಇದೊಂದನ್ನು ಪಾಲಿಸಿದರೆ ಉಳಿದ ಅರ್ಧ ಕೆಲಸ ಹಗುರಾಗುತ್ತದೆ.

ರಟ್ಟು ದಪ್ಪವೆನಿಸಿದರೆ ಸೀಳಿ ತೆಳ್ಳಗೆ ಮಾಡಿಕೊಳ್ಳಬಹುದು. ಮೂಲೆಯೊಂದನ್ನು ಬೆರಳುಗಳ ನಡುವೆ ಹೊಸಕಿದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಬೂದು ಪದರವನ್ನು ಪೆನ್ಸಿಲಿಗೆ ಸುತ್ತುತ್ತಾ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ನೀರಿನಲ್ಲಿ ನೆನೆಸಿ ಬಿಡಿಸುವವರಿದ್ದಾರೆ, ಆದರೆ ಹಾಗೆ ಬಿಡಿಸಿದ ಹಾಳೆ ಒಣಗುವಾಗ ಸೊಟ್ಟಗಾಗುವುದರಿಂದ ಅದನ್ನು ನಾನು ಹೇಳುವುದಿಲ್ಲ.

ಅಂಟು

ಸಾಧಾರಣ ಬಿಳಿ ಫೆವಿಕಾಲ್ ಸಾಕು, ಆದರೆ ಅದನ್ನು ಬಾಟಲಿಯಿಂದ ನೇರವಾಗಿ ಸುರಿಯಬಾರದು. ಒಂದು ಹನಿಯನ್ನು ಹಾಲಿನ ಪೊಟ್ಟಣದ ಮೇಲೆ ಹಾಕಿಕೊಂಡು, ಹಲ್ಲುಕಡ್ಡಿಯಿಂದ ತೆಳುವಾಗಿ ಸವರಿ, ಅರ್ಧ ನಿಮಿಷ ಬಿಟ್ಟು ಜಿಗುಟಾದ ಮೇಲೆ ಜೋಡಿಸಬೇಕು. ಅಂಟು ಹೆಚ್ಚಾದಷ್ಟೂ ಅದರಲ್ಲಿನ ನೀರು ರಟ್ಟನ್ನು ಸೊಟ್ಟಗೆ ಮಾಡುತ್ತದೆ. ಮೈದಾ ಅಂಟು ದೊಡ್ಡ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಲು ಅನುಕೂಲವೇ ಆದರೂ ಜಿರಳೆಗಳಿಗೂ ಬೆಳ್ಳಿಹುಳುಗಳಿಗೂ ಅದು ಇಷ್ಟ. ಫೆವಿಕ್ವಿಕ್ ಬಿದಿರಿನ ಕಡ್ಡಿ, ಪ್ಲಾಸ್ಟಿಕ್ಕು ಮತ್ತು ಚಕ್ರದ ಅಂಚಿಗೆ ಮಾತ್ರ ಇರಲಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಹತ್ತಿರವಂತೂ ಅದನ್ನು ತರಬಾರದು, ಅದರ ಆವಿ ತಗುಲಿದ ಕಡೆ ಬೆಳ್ಳಗೆ ಮಬ್ಬು ಕೂರುತ್ತದೆ.

ಒಡಲು

ಒಳಗಿನ ಹಂದರದಲ್ಲಿ ಎರಡು ಬಗೆಯ ತುಂಡುಗಳಿವೆ: ಮೂತಿಯಿಂದ ಬಾಲದವರೆಗೆ ಪಕ್ಕನೋಟದ ಆಕಾರದಲ್ಲೇ ಕತ್ತರಿಸಿದ ಒಂದು ಬೆನ್ನುಪಟ್ಟಿ, ಅದಕ್ಕೆ ಅಡ್ಡವಾಗಿ ನಿಲ್ಲುವ ಎಂಟೊಂಬತ್ತು ಬಿಲ್ಲೆಗಳು. ಇವಕ್ಕೆ 1.2 ಮಿ.ಮೀ. ದಪ್ಪ ಬೇಕು. ಮೂರು ಪದರ ರಟ್ಟನ್ನು, ನಡುವಿನ ಪದರದ ಎಳೆ ಉಳಿದೆರಡಕ್ಕೆ ಅಡ್ಡ ಬರುವಂತೆ ಅಂಟಿಸಿ, ಎರಡು ಹಾಲಿನ ಪೊಟ್ಟಣಗಳ ನಡುವೆ ಇಟ್ಟು ಭಾರ ಹೇರಿ ಒಂದು ರಾತ್ರಿ ಬಿಟ್ಟರೆ ಮರದಷ್ಟು ಗಟ್ಟಿಯಾದ ಹಲಗೆ ಸಿಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಇನ್ನೊಂದು ದಿನ ಕಾಯುವುದು ಕ್ಷೇಮ.

ಬಿಲ್ಲೆಗಳನ್ನು ನಕ್ಷೆಯ ಗೆರೆಯ ಮೇಲೆಯೇ ಕತ್ತರಿಸಿದರೆ ಹೊದಿಕೆ ಸುತ್ತಿದಾಗ ಒಡಲು ದಪ್ಪಗಾಗುತ್ತದೆ. ಹೊದಿಕೆಯ ದಪ್ಪದಷ್ಟು, ಅಂದರೆ ಸುತ್ತಲೂ 0.4 ಮಿ.ಮೀ. ಒಳಗೆ, ಕತ್ತರಿಸಿಕೊಳ್ಳಬೇಕು. ಬೆನ್ನುಪಟ್ಟಿಯಲ್ಲಿ ಮೇಲಿನಿಂದ ಅರ್ಧದವರೆಗೆ, ಬಿಲ್ಲೆಯಲ್ಲಿ ಕೆಳಗಿನಿಂದ ಅರ್ಧದವರೆಗೆ ಸೀಳುಗಂಡಿ ಮಾಡಿ ಒಂದರೊಳಗೊಂದು ಕೂರಿಸಬೇಕು. ಗಂಡಿಯ ಅಗಲ ಹಲಗೆಯ ದಪ್ಪಕ್ಕೆ ಸರಿಯಾಗಿದ್ದು ತುಸು ಬಿಗಿಯಾಗಿಯೇ ಇರಲಿ, ಸಡಿಲವಾದರೆ ಬಿಲ್ಲೆ ವಾಲುತ್ತದೆ. ರೆಕ್ಕೆಯ ತೊಲೆ, ಅಂದರೆ ಎರಡೂ ರೆಕ್ಕೆಗಳನ್ನು ಒಳಗಿನಿಂದ ಹೊರುವ ಉದ್ದ ಪಟ್ಟಿ, ಹಾದುಹೋಗುವ ಬಿಲ್ಲೆಯ ತಳದಲ್ಲಿ ಅದಕ್ಕೆ ಜಾಗ ಬಿಡುವುದನ್ನು ಈಗಲೇ ನೆನಪಿಡಬೇಕು. ಅಂಟು ಹಾಕುವ ಮೊದಲು ಹಂದರವನ್ನು ಒಣದಾಗಿ ಜೋಡಿಸಿ, ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಯಾವ ಬಿಲ್ಲೆ ತಿರುಚಿದೆಯೆಂದು ತಕ್ಷಣ ಕಾಣುತ್ತದೆ.

ಹೊದಿಕೆಯನ್ನು ಎರಡು ಬಿಲ್ಲೆಗಳ ನಡುವಿನ ಒಂದೊಂದು ಪಟ್ಟಿಯಾಗಿ ಮಾಡಬೇಕು. ಒಡಲು ದುಂಡಗಿರುವ ಕಡೆ ಈ ಪಟ್ಟಿ ಶಂಕುವಿನ ಒಂದು ತುಂಡಾಗಿರುತ್ತದೆ, ಅದನ್ನು ಕೈವಾರ ಮತ್ತು ಕೋನಮಾಪಕದಿಂದಲೇ ಬರೆಯಬಹುದು. ದೊಡ್ಡ ಬದಿಯ ವ್ಯಾಸ 36 ಮಿ.ಮೀ., ಚಿಕ್ಕ ಬದಿಯದು 30 ಮಿ.ಮೀ., ಓರೆಯ ಉದ್ದ 40 ಮಿ.ಮೀ. ಎಂದಿಟ್ಟುಕೊಳ್ಳೋಣ. ಓರೆಯ ಉದ್ದವನ್ನು ದೊಡ್ಡ ವ್ಯಾಸದಿಂದ ಗುಣಿಸಿ, ವ್ಯಾಸಗಳ ವ್ಯತ್ಯಾಸದಿಂದ ಭಾಗಿಸಿದರೆ ಹೊರಗಿನ ಕಂಸದ ತ್ರಿಜ್ಯ ಸಿಗುತ್ತದೆ: 40 ಗುಣಿಸು 36, ಭಾಗಿಸು 6, ಅಂದರೆ 240 ಮಿ.ಮೀ. ಅದರಲ್ಲಿ 40 ಕಳೆದರೆ ಒಳಗಿನ ಕಂಸದ ತ್ರಿಜ್ಯ 200 ಮಿ.ಮೀ. ಕೋನಕ್ಕಾಗಿ 180ನ್ನು 36ರಿಂದ ಗುಣಿಸಿ 240ರಿಂದ ಭಾಗಿಸಿದರೆ 27 ಡಿಗ್ರಿ. ಮನೆಯ ಕೈವಾರ ಇಷ್ಟು ದೂರ ಚಾಚುವುದಿಲ್ಲವಾದ್ದರಿಂದ, ರಟ್ಟಿನ ಪಟ್ಟಿಯೊಂದಕ್ಕೆ 200 ಮತ್ತು 240 ಮಿ.ಮೀ. ಅಂತರದಲ್ಲಿ ಪೆನ್ಸಿಲ್ ಮೊನೆ ತೂರುವ ತೂತು ಮಾಡಿ, ಇನ್ನೊಂದು ತುದಿಗೆ ಗುಂಡುಸೂಜಿ ಚುಚ್ಚಿ ತಿರುಗಿಸಬೇಕು.

ಪಕ್ಕಗಳು ಚಪ್ಪಟೆಯಾಗಿರುವ ನಡುಭಾಗಕ್ಕೆ ಈ ಲೆಕ್ಕ ಒದಗುವುದಿಲ್ಲ. ಅಲ್ಲಿ ಹಳೆಯ ದಿನಪತ್ರಿಕೆಯ ಚೂರನ್ನು ಎರಡು ಬಿಲ್ಲೆಗಳ ಮೇಲೆ ಬಿಗಿಯಾಗಿ ಸುತ್ತಿ, ಬಿಲ್ಲೆಗಳ ಅಂಚನ್ನು ಉಗುರಿನಿಂದ ಒತ್ತಿ ಗುರುತಿಸಿ, ಬಿಚ್ಚಿ ಕತ್ತರಿಸಿ ಮತ್ತೆ ಸುತ್ತಿ ನೋಡಿ, ಸರಿಯೆನಿಸಿದ ಮೇಲೆಯೇ ರಟ್ಟಿನ ಮೇಲೆ ಇಟ್ಟು ಗೆರೆ ಎಳೆಯಬೇಕು. ಸೇರುವ ಅಂಚುಗಳು ಒಂದರ ಮೇಲೊಂದು ಹತ್ತಬಾರದು, ಎದುರುಬದುರಾಗಿ ಮುಟ್ಟಬೇಕು. ಒಳಗಿನಿಂದ 8 ಮಿ.ಮೀ. ಅಗಲದ ತೆಳುಪಟ್ಟಿಯೊಂದು ಅವನ್ನು ಹಿಡಿದಿಡುತ್ತದೆ. ಈ ಬೆಸುಗೆ ಯಾವಾಗಲೂ ಹೊಟ್ಟೆಯ ಕೆಳಗೆ ಬರಲಿ. ರಟ್ಟನ್ನು ಸುತ್ತುವ ಮೊದಲು ಮಡಚಿದ ಟವೆಲಿನ ಮೇಲಿಟ್ಟು, ಸ್ವೆಟರ್ ಹೆಣೆಯುವ ಕಡ್ಡಿಯನ್ನು ಒತ್ತಿ ಉರುಳಿಸಿದರೆ ಅದು ತಾನಾಗಿಯೇ ಬಾಗಿಕೊಳ್ಳುತ್ತದೆ.

ಅಚ್ಚಾದ ಬದಿ ಒಳಗೋ ಹೊರಗೋ ಎಂಬ ಪ್ರಶ್ನೆಗೆ ನನ್ನ ಉತ್ತರ ಒಳಗೆ ಎಂಬುದೇ. ಲೇಪದ ಮೇಲೆ ಬಣ್ಣ ಸುಲಭವಾಗಿ ಕೂರುವುದಿಲ್ಲ, ಕೂತರೂ ಅಡಿಯ ಅಕ್ಷರಗಳು ಇಣುಕುತ್ತವೆ. ಬೂದುಬದಿ ಹೊರಗೆ ಬಂದಾಗ ನೀರು ಬೆರೆಸಿದ ಫೆವಿಕಾಲನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ನುಣುಪಾದ ಉಪ್ಪುಕಾಗದದಿಂದ ತೀಡಿ, ಇದನ್ನೇ ಮತ್ತೊಮ್ಮೆ ಮಾಡಿದರೆ ನಾರು ಏಳದ ಮೈ ಸಿದ್ಧವಾಗುತ್ತದೆ. ಒಳಗೆ ಹೋದ ಅಚ್ಚುಬದಿಯಲ್ಲಿ ಬಿಲ್ಲೆ ಮುಟ್ಟುವ ಜಾಗವನ್ನಷ್ಟೇ ಉಪ್ಪುಕಾಗದದಿಂದ ಉಜ್ಜಿ ಲೇಪ ತೆಗೆಯದಿದ್ದರೆ ಅಂಟು ಕೆಲವು ತಿಂಗಳಲ್ಲಿ ಬಿಟ್ಟುಕೊಳ್ಳುತ್ತದೆ. ಚಾಲಕರ ಕೋಣೆಯ ಒಳಗೋಡೆಗೆ ಬಣ್ಣ ಹಚ್ಚಿ, ಆಸನಗಳನ್ನು ಕೂರಿಸಿದ ಮೇಲೆಯೇ ಆ ಭಾಗವನ್ನು ಮುಚ್ಚಬೇಕು, ಇಲ್ಲದಿದ್ದರೆ ಟೂತ್‌ಪೇಸ್ಟಿನ ಜಾಹೀರಾತಿನ ನಡುವೆ ಪೈಲಟ್ ಕೂರಬೇಕಾಗುತ್ತದೆ. ಹೊದಿಕೆಯನ್ನು ನಡುವಿನಿಂದ ಶುರುಮಾಡಿ ಬಾಲದ ಕಡೆಗೆ ಹೋಗಿ, ಮೂತಿಯನ್ನು ಕೊನೆಗೆ ಇಟ್ಟುಕೊಂಡರೆ ಸಣ್ಣಪುಟ್ಟ ವ್ಯತ್ಯಾಸಗಳನ್ನು ಅಲ್ಲಿ ಸರಿದೂಗಿಸಬಹುದು.

ರೆಕ್ಕೆ ಮತ್ತು ಬಾಲ

ಎರಡೂ ರೆಕ್ಕೆಗಳಿಗೆ ಒಡಲನ್ನು ಹಾದುಹೋಗುವ ಒಂದೇ ತೊಲೆ ಇರಬೇಕು. ರೆಕ್ಕೆಗಳನ್ನು ಬೇರೆ ಬೇರೆ ಮಾಡಿ ಒಡಲಿನ ಪಕ್ಕಕ್ಕೆ ಅಂಟಿಸಿದರೆ ಅವು ಬೇಗನೆ ಜೋಲುತ್ತವೆ. ರೆಕ್ಕೆಗಳು ತುದಿಯ ಕಡೆಗೆ ಮೇಲೇರುವ ಕೋನವನ್ನು ಮುಂದಿನ ನೋಟದಿಂದ ಅಳೆದುಕೊಂಡು, ತೊಲೆಯನ್ನು ನಡುವಿನಲ್ಲಿ ಅಷ್ಟೇ ಬಾಗಿದಂತೆ ಕತ್ತರಿಸಬೇಕು. ಆ ಕೋನ 5 ಡಿಗ್ರಿಯಾದರೆ, ನಡುವಿನಿಂದ 162 ಮಿ.ಮೀ. ದೂರವಿರುವ ತುದಿ 14 ಮಿ.ಮೀ. ಮೇಲಿರುತ್ತದೆ. ಸುಕ್ಕುರಟ್ಟಿನ ಎರಡು ಊರೆಗಳನ್ನು ಅದೇ ಎತ್ತರಕ್ಕೆ ಕತ್ತರಿಸಿಕೊಂಡು ಒಣಗುವಾಗ ತುದಿಗಳಿಗೆ ಆನಿಸಬೇಕು.

ತೊಲೆಗೆ ಅಡ್ಡಲಾಗಿ ಪ್ರತಿ ಬದಿಗೆ ನಾಲ್ಕೈದು ಪಕ್ಕೆಪಟ್ಟಿಗಳು ಸಾಕು. ಹೊದಿಕೆ ಒಂದೇ ಹಾಳೆ, ಮುಂದಿನ ಅಂಚಿನಲ್ಲಿ ತಿರುಗಿ ಮೇಲೆ ಕೆಳಗೆ ಎರಡೂ ಕಡೆ ಬರುತ್ತದೆ. ಆ ಅಂಚಿನಲ್ಲಿ ಗೀರು ಹಾಕಿ ಚೂಪಾಗಿ ಮಡಚುವುದು ಹೊಸಬರು ತಪ್ಪದೆ ಮಾಡುವ ಕೆಲಸ. ಮುಂದಿನ ಅಂಚು ದುಂಡಗಿರಬೇಕು, ಹಾಗಾಗಿ ಅಗರಬತ್ತಿಯ ಬಿದಿರು ಕಡ್ಡಿಯನ್ನು ಒಳಗಿಟ್ಟು ಅದರ ಮೇಲೆ ತಿರುಗಿಸಬೇಕು. ಕಡ್ಡಿ ಅಲ್ಲಿಯೇ ಉಳಿದರೆ ಅಂಚಿಗೆ ಬಲವೂ ಬಂತು. ಹಿಂದಿನ ಅಂಚು ಮಾತ್ರ ತೆಳ್ಳಗೆ ಬರಬೇಕಾದ್ದರಿಂದ, ಎರಡೂ ಪದರಗಳ ಒಳಮೈಯನ್ನು ಕೊನೆಯ 3 ಮಿ.ಮೀ.ನಷ್ಟು ಉಪ್ಪುಕಾಗದದಿಂದ ತೀಡಿ ಅಂಟಿಸಿ, ಎರಡು ಸ್ಕೇಲುಗಳ ನಡುವೆ ಹಿಡಿದು ಬಟ್ಟೆ ಕ್ಲಿಪ್ಪುಗಳನ್ನು ಹಾಕಬೇಕು. ಎಡ ಬಲ ರೆಕ್ಕೆಗಳನ್ನು ಒಂದೇ ಹೊತ್ತಿನಲ್ಲಿ ಹೊದಿಸಿ ಒಟ್ಟಿಗೆ ಒಣಗಿಸಿದರೆ ಒಂದು ತಿರುಚಿ ಇನ್ನೊಂದು ನೆಟ್ಟಗಿರುವ ಅವಸ್ಥೆ ಬರುವುದಿಲ್ಲ. ಬಾಲದ ರೆಕ್ಕೆಗಳಿಗೆ ಪಕ್ಕೆಪಟ್ಟಿ ಬೇಡ, ಎರಡು ಪದರ ಸಾಕು. ಅಡ್ಡಬಾಲ ರೆಕ್ಕೆಗೆ ಹೊಂದುವಂತೆ ನೆಟ್ಟಗಿದೆಯೇ, ನಿಲುಬಾಲ ಲಂಬವಾಗಿದೆಯೇ ಎಂದು ಹಿಂದಿನಿಂದ ನೋಡಿ ಖಚಿತಪಡಿಸಿಕೊಳ್ಳಬೇಕು.

ಗಾಜು, ಚಕ್ರ, ಪ್ರೊಪೆಲ್ಲರ್

ಗಾಜಿನ ಮುಚ್ಚಳಕ್ಕೆ ಅಂಗಿಯ ಕಾಲರಿನೊಳಗಿನ ಪಾರದರ್ಶಕ ಪಟ್ಟಿ, ಇಲ್ಲವೇ ಸಿಹಿತಿಂಡಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಒಳ್ಳೆಯದು. ನೀರಿನ ಬಾಟಲಿಯ ಪ್ಲಾಸ್ಟಿಕ್ ಆಗಲೇ ಬಾಗಿರುವುದರಿಂದ ಅದನ್ನೂ ಬಳಸಬಹುದು. ಮುಚ್ಚಳವನ್ನು ಮೂರು ನಾಲ್ಕು ತುಂಡುಗಳಾಗಿ ಒಂದೇ ದಿಕ್ಕಿಗೆ ಬಾಗಿಸಿ, ಸೇರುವೆಗಳ ಮೇಲೆ ಚೌಕಟ್ಟಿನ ತೆಳುಪಟ್ಟಿಗಳನ್ನು ಬಿಳಿ ಅಂಟಿನಿಂದಲೇ ಕೂರಿಸಿದರೆ ಸೇರುವೆ ಕಾಣುವುದಿಲ್ಲ.

ಟೈರಿಗಾಗಿ ರಟ್ಟಿನ ಬಿಲ್ಲೆಗಳನ್ನು ಪೇರಿಸಬೇಕು. 5 ಮಿ.ಮೀ. ಅಗಲಕ್ಕೆ 0.4 ಮಿ.ಮೀ. ರಟ್ಟಿನ ಹನ್ನೆರಡು ಬಿಲ್ಲೆಗಳು ಹಿಡಿಸುತ್ತವೆ. ನಡುವಿಗೆ ಹಲ್ಲುಕಡ್ಡಿ ತೂರಿಸಿ, ಅಂಚಿಗೆ ಫೆವಿಕ್ವಿಕ್ ಕುಡಿಸಿ ಗಟ್ಟಿಯಾದ ಮೇಲೆ ಉಪ್ಪುಕಾಗದದ ಮೇಲೆ ತಿರುಗಿಸುತ್ತಾ ದುಂಡಗೆ ಮಾಡಿಕೊಳ್ಳಬೇಕು. ಫೆವಿಕ್ವಿಕ್ ಕೆಲಸವನ್ನು ಮಕ್ಕಳ ಕೈಗೆ ಕೊಡದೆ ಕಿಟಕಿ ತೆರೆದಿಟ್ಟುಕೊಂಡು ದೊಡ್ಡವರೇ ಮಾಡುವುದು ಒಳ್ಳೆಯದು. ಚಕ್ರದ ಕಾಲುಗಳಿಗೆ ಬಿದಿರು ಕಡ್ಡಿ ಇರಲಿ, ಮತ್ತು ಅದು ಹೊದಿಕೆಗೆ ಅಂಟದೆ ರೆಕ್ಕೆಯೊಳಗಿನ ತೊಲೆಗೆ ತಾಗಿ ನಿಲ್ಲಲಿ, ಮಾದರಿಯ ಭಾರವೆಲ್ಲ ಬೀಳುವುದು ಅದರ ಮೇಲೆಯೇ. ಎರಡಲಗಿನ ಪ್ರೊಪೆಲ್ಲರನ್ನು ಐಸ್‌ಕ್ರೀಮ್ ಕಡ್ಡಿಯಿಂದ ಕೆತ್ತಿ, ಬಿಸಿನೀರಿನಲ್ಲಿ ನೆನೆಸಿ ತಿರುಚಬೇಕು. ಒಂದು ಅಲಗು ಇನ್ನೊಂದರ ಪ್ರತಿಬಿಂಬವಲ್ಲ ಎಂಬುದನ್ನು ಮರೆಯಬಾರದು. ಅರ್ಧ ಸುತ್ತು ತಿರುಗಿಸಿದಾಗ ಒಂದರ ಜಾಗದಲ್ಲಿ ಇನ್ನೊಂದು ಹಾಗೆಯೇ ಬಂದು ಕೂರಬೇಕು.

ಬಣ್ಣ ಮತ್ತು ಇಡುವ ಬಗೆ

ಬಣ್ಣಕ್ಕೆ ಸಾಮಾನ್ಯ ಅಕ್ರಿಲಿಕ್ ಬಣ್ಣ ಸಾಕು, ನೀರು ಕಡಿಮೆಯಿರುವ ತೆಳುವಾದ ಎರಡು ಮೂರು ಕೈ ಹಚ್ಚಬೇಕು. ಎಚ್‌ಟಿ-2ಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆ ಕೆಲಸ ಮಾಡಿದ್ದರಿಂದ, ಒಂದು ನಿರ್ದಿಷ್ಟ ವಿಮಾನದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ಅದನ್ನೇ ಅನುಸರಿಸಬೇಕು. ವಾಯುಪಡೆಯ ವಿಮಾನವಾದರೆ ವೃತ್ತದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಬರುತ್ತದೆ. ಇದನ್ನು ರೆಕ್ಕೆಯ ಮೇಲೆ ಬಿಡಿಸಲು ಹೆಣಗುವ ಬದಲು ತೆಳುಕಾಗದದಲ್ಲಿ ಬಿಡಿಸಿ ಕತ್ತರಿಸಿ ಅಂಟಿಸುವುದೇ ಲೇಸು. ಕತ್ತರಿಸಿದ ಅಂಚುಗಳೆಲ್ಲಾ ಬಣ್ಣವಿಲ್ಲದೆ ಎದ್ದು ಕಾಣುತ್ತವಾದ್ದರಿಂದ, ಪ್ರತಿ ಭಾಗವನ್ನೂ ಜೋಡಿಸುವ ಮೊದಲೇ ಅಂಚಿಗೆ ಅದೇ ಬಣ್ಣ ಸವರಿಕೊಳ್ಳಬೇಕು.

ಮಾದರಿಯನ್ನು ಅಡುಗೆಮನೆಯ ಆವಿಯಿಂದಲೂ ನೇರ ಬಿಸಿಲಿನಿಂದಲೂ ದೂರವಿಡಬೇಕು. ತೇವದ ಊರುಗಳಲ್ಲಿ ತೆಳುವಾದ ವಾರ್ನಿಷ್ ಒಂದು ಕೈ ಹೊಡೆದರೆ ಮಳೆಗಾಲದಲ್ಲಿ ರೆಕ್ಕೆ ಜೋಲುವುದು ಕಡಿಮೆಯಾಗುತ್ತದೆ. ತೂಗುಹಾಕುವುದಾದರೆ ನೂಲನ್ನು ರೆಕ್ಕೆಯ ತುದಿಗಳಿಗೆ ಕಟ್ಟಬಾರದು. ಒಡಲಿನ ಎರಡು ಪಕ್ಕದಲ್ಲೂ ತೊಲೆ ಇರುವ ಜಾಗದಲ್ಲಿ ಒಂದೊಂದು ಮತ್ತು ಬಾಲದ ಬುಡದಲ್ಲಿ ಒಂದು, ಹೀಗೆ ಮೂರು ಕಡೆ ಕಟ್ಟಿ, ಮೂತಿ ತುಸು ಮೇಲೇಳುವಂತೆ ಹಿಂದಿನ ನೂಲನ್ನು ಉದ್ದ ಮಾಡಿಕೊಳ್ಳಬೇಕು.